ಹುಲಿಗೆ ಯಾವ ಲ?

ಹಾವಸೆಕೆರೆಯ ದಂಡೆಯಲ್ಲಿ, ಬಾಗಿದ ಹೊಂಗೆ ಮರದ ಕೆಳಗೆ, ಒಂದು ಶಾಲೆ ನಡೆಯುತ್ತಿತ್ತು. ಮರಿಗಳಿಗಲ್ಲ ಮಕ್ಕಳೇ, ದೊಡ್ಡವರಿಗೆ. ಚಿಕ್ಕಂದಿನಲ್ಲಿ ಹೊಟ್ಟೆಪಾಡಿಗೆ ಅಲೆದು ಅಕ್ಷರದ ಮುಖ ಕಾಣದವರಿಗೆ.

ಅಲ್ಲಿಗೆ ಮುಳ್ಳುಹಂದಿ ಕೆಂಚಕ್ಕ ಬಂದಳು.

"ಯಾಕಮ್ಮ ಬಂದೆ?" ಎಂದು ಕೊಕ್ಕರೆ ಮೇಷ್ಟ್ರು ಕೇಳಿದರು.

"ದಾರಿ ಕವಲಾಗೋ ಕಡೆ ಎರಡು ಹಲಗೆ ಇದೆಯಲ್ಲ ಮೇಷ್ಟ್ರೇ, ಅದನ್ನ ಓದೋಕೆ ಬರಬೇಕು. ಅಷ್ಟು ಕಲಿಸಿಬಿಡಿ, ಪುಣ್ಯ ಬರುತ್ತೆ."

ಆ ಹಲಗೆ ಎಂಥದು ಅಂದಿರಾ? ಕವಲಿನ ಎರಡೂ ದಾರಿಯ ಕೊನೆಗೆ ಒಂದೊಂದು ಹುಣಸೆ ತೋಪು. ಹುಲಿರಾಯ ಒಂದಷ್ಟು ದಿನ ಈ ತೋಪಿನಲ್ಲಿ ಮಲಗಿದರೆ, ಮನಸ್ಸು ಬಂದಾಗ ಎದ್ದು ಆ ತೋಪಿಗೆ ಹೋಗುತ್ತಿದ್ದ. ಮರದ ಮೇಲಿನ ಮುಸುವ ಕೋತಿಗಳು ಅದನ್ನು ನೋಡಿ, ಅವನಿರುವ ದಾರಿಗೆ 'ಹುಲಿ' ಎಂದೂ, ನೆಮ್ಮದಿಯಾಗಿ ಹಣ್ಣು ತಿನ್ನಬಹುದಾದ ದಾರಿಗೆ 'ಹುಳಿ' ಎಂದೂ ಹಲಗೆ ಬದಲಿಸುತ್ತಿದ್ದವು. ಹೋದ ಬೇಸಿಗೆಯಲ್ಲಿ ಕೆಂಚಕ್ಕನ ಗಂಡ ಆ ಹಲಗೆಗಳನ್ನು ಮಿಕಮಿಕ ನೋಡಿ ಒಂದು ದಾರಿ ಹಿಡಿದ. ತಿರುಗಿ ಬರಲಿಲ್ಲ.

"ಹಲಗೆ ಓದೋದೂ ಒಂದು ಓದಾ?" ಕೊಕ್ಕರೆ ಮೇಷ್ಟ್ರು ನಕ್ಕರು. "ಬೆಟ್ಟದಾಚೆ ಕಾಲೇಜಿದೆ ಕಣಮ್ಮ. ಅಲ್ಲಿ ಸೇರೋ ಹಾಗೆ ತಯಾರು ಮಾಡ್ತೀನಿ."

ಮರಕುಟಿಗ ಮೇಷ್ಟ್ರು ಕೊಂಬೆಯನ್ನು ಟಕಟಕ ಕುಟ್ಟಿದರು. "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಕಾಲೇಜಾ? ಬಿಲ ತೋಡೋ ಕೆಲಸಕ್ಕೆ ಬೇಕಾದಷ್ಟು ಕಲೀಲಿ, ಸಾಕು."

"ಕೆಲಸ!"

"ಕಾಲೇಜು!"

ಕೆಂಚಕ್ಕನ ಹಲಗೆಯ ಮಾತು ಅಲ್ಲೇ ಬಿತ್ತು. ಜಗಳ ಬಲಿತು ಬಲಿತು, ಕೊನೆಗೆ ಇಬ್ಬರೂ ಅಕ್ಷರಮಾಲೆಯನ್ನೇ ಪಾಲು ಮಾಡಿಕೊಂಡರು! ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವ ಹಾಗೆ.

"ಬಿಲ, ಕೂಲಿ, ಕೆಲಸ, ಎಲ್ಲದರಲ್ಲೂ ಲ ಇದೆ. ಲ ನನಗೆ," ಎಂದರು ಮರಕುಟಿಗ ಮೇಷ್ಟ್ರು.

"ತಗೋ. ಆ ಬಡಕಲು ಅಕ್ಷರ ನನಗ್ಯಾಕೆ? ಳ ನನಗಿರಲಿ."

"ನಿನ್ನ ಕಾಲೇಜಲ್ಲೂ ಲ ಇದೆ ಕಣಯ್ಯಾ, ಅದನ್ನೂ ನನಗೇ ಕೊಟ್ಟೆ!"

ಹೀಗೆ ಕೆಂಚಕ್ಕ ಕೆಲಸದ ಸಾಲಿನಲ್ಲಿ ಕುಳಿತು ಲ ಕಲಿತಳು. "ಆ ಇನ್ನೊಂದು ಕಂಡರೆ ಏನನ್ನಬೇಕು ಮೇಷ್ಟ್ರೇ?" ಎಂದಾಗ, "ಅದೂ ಲ ಅಂತಲೇ ಅನ್ನು. ಕೆಲಸ ನಡೆಯುತ್ತೆ," ಎಂಬ ಉತ್ತರ ಬಂತು. ಪಕ್ಕದ ಕಾಲೇಜಿನ ಸಾಲಿನಲ್ಲಿ ಕಾಡುಹಂದಿ ದ್ಯಾವಣ್ಣ ಕಣ್ಣು ಮುಚ್ಚಿ ಉದ್ದುದ್ದ ಪದ್ಯ ಹೇಳುತ್ತಿದ್ದ.

"ಎಷ್ಟು ಚೆಂದ ದ್ಯಾವಣ್ಣ! ಹಾಗಂದ್ರೇನು?"

"ಅರ್ಥ ಕಾಲೇಜಲ್ಲಿ ಹೇಳಿಕೊಡ್ತಾರಂತೆ ಅಕ್ಕಾ."

ಹುಣಸೆ ಹಣ್ಣು ಉದುರುವ ಕಾಲ ಬಂತು. ಯಾರ ಪಾಠ ಮೇಲು ಎಂದು ನೋಡೇಬಿಡೋಣ ಅಂತ ಮೇಷ್ಟ್ರುಗಳು ಇಬ್ಬರು ಶಿಷ್ಯರನ್ನೂ ಕವಲುದಾರಿಗೆ ಕರೆದುಕೊಂಡು ಹೋದರು.

ಕೆಂಚಕ್ಕ ಮುಂದೆ ಬಂದಳು. ಗಂಡ ನಿಂತ ಜಾಗದಲ್ಲೇ ನಿಂತು ಓದಿದಳು. "ಹು... ಲಿ. ಹುಲಿ!" ಸಂತೋಷಕ್ಕೆ ಕಣ್ಣು ತುಂಬಿತು. ಇನ್ನೊಂದು ಹಲಗೆಗೆ ತಿರುಗಿದಳು. "ಹು... ಲಿ." "ಅಯ್ಯೋ, ಎರಡು ಕಡೆಯೂ ಹುಲೀನೇ ಇದೆಯಲ್ಲ ಮೇಷ್ಟ್ರೇ!"

ದ್ಯಾವಣ್ಣ ಗಹಗಹಿಸಿ ನಕ್ಕ. "ಅದು ಲ ಅಲ್ಲ ಅಕ್ಕಾ, ಮಹಾ ಅಕ್ಷರ. ನಾಲಿಗೆ ಹಿಂದಕ್ಕೆ ಮಡಚಿ ಳ ಅನ್ನಬೇಕು. ಇಂಥ ಅಕ್ಷರ ರಾಜನ ಹೆಸರಲ್ಲಲ್ಲದೆ ಹುಣಸೆ ಹಣ್ಣಿನಲ್ಲಿರುತ್ತಾ? ಹುಲಿರಾಯ ಆ ಕಡೆ. ಈ ಕಡೆ ನೋಡು, ನಮ್ಮ ಪಾಠದಲ್ಲೇ ಇಲ್ಲದ ಕೂಲಿ ಅಕ್ಷರ. ಹಣ್ಣು ಇಲ್ಲೇ."

"ಭೇಷ್!" ಎಂದರು ಕೊಕ್ಕರೆ ಮೇಷ್ಟ್ರು. ದ್ಯಾವಣ್ಣ ಬಾಲ ನಿಮಿರಿಸಿಕೊಂಡು ಹೊರಟ.

ಕೆಂಚಕ್ಕ ನಾಲಿಗೆ ಮಡಚಿದಳು. "ಹು... ಳಿ." ಬಾಯಲ್ಲಿ ನೀರೂರಿತು! ಇನ್ನೊಮ್ಮೆ ಅಂದಳು. ಇನ್ನೂ ಊರಿತು. ಹುಲಿ ಅಂದರೆ ಬಾಯಿ ಒಣಗಬೇಕಲ್ಲವೇ?

"ದ್ಯಾವಣ್ಣಾ, ಹೋಗಬೇಡವೋ! ಹಿಂದಕ್ಕೆ ಬಾ!"

ತೋಪಿನೊಳಗಿಂದ ಒಂದು ಗರ್ಜನೆ. ಒಂದು ಕಿರುಚಾಟ. ಆಮೇಲೆ ಎಲೆಯ ಸದ್ದೂ ಇಲ್ಲ.

ಮೇಷ್ಟ್ರುಗಳು ಪುರ್ರನೆ ಹಾರಿ ಮರದ ತುದಿ ಸೇರಿದ್ದರು. ಕೆಂಚಕ್ಕನ ಮೈಮೇಲಿನ ಮುಳ್ಳುಗಳೆಲ್ಲ ನೆಟ್ಟಗೆ ನಿಂತಿದ್ದವು. ಆಗ ಮೇಲಿನಿಂದ ಮಾತು ಕೇಳಿಸಿತು.

"ಏನೇ ಅನ್ನು, ನನ್ನ ಶಿಷ್ಯನ ಉಚ್ಚಾರಣೆ ಶುದ್ಧವಾಗಿತ್ತು."

"ಸಾಕು ಸುಮ್ಮನಿರಯ್ಯಾ, ಕೆಲಸ ಕಲಿತವಳು ಬದುಕಿ ನಿಂತಿದ್ದಾಳೆ ನೋಡು!"

ಕೆಂಚಕ್ಕ ತಲೆಯೆತ್ತಿ ನೋಡಿದಳು, ನಂಬಲಾರದೆ. ಜಗಳವಾಡುವ ಇಬ್ಬರಿಗೂ ರೆಕ್ಕೆ ಇತ್ತು. ಆ ದಾರಿಯಲ್ಲಿ ಅವರು ಒಂದು ದಿನವೂ ನಡೆದಿರಲಿಲ್ಲ.

ಮರುದಿನ ದ್ಯಾವಣ್ಣನ ಹೆಂಡತಿ ಅಳುತ್ತಾ ಹೊಂಗೆ ಮರದ ಕೆಳಗೆ ಬಂದಳು. "ಕೆಲಸಕ್ಕಾ, ಕಾಲೇಜಿಗಾ?" ಎಂದು ಮೇಲಿನಿಂದ ಎರಡು ಕೊಕ್ಕುಗಳೂ ಒಟ್ಟಿಗೇ ತೆರೆದವು.

ಕೆಂಚಕ್ಕ ಅವಳ ಪಕ್ಕಕ್ಕೆ ಬಂದಳು. ಮೈಯಿಂದ ಒಂದು ಮುಳ್ಳು ಕಿತ್ತು, ಕೆರೆಯ ಕೆಸರಿನ ಮೇಲೆ ಲ ಬರೆದಳು. ಪಕ್ಕದಲ್ಲೇ ಳ ಬರೆದಳು.

"ಬಾ ತಂಗಿ, ಕೂತ್ಕೋ. ಮೊದಲು ನಾಲಿಗೆ ಮಡಚು."

ನೀತಿ: ವಯಸ್ಸಾದ ಮೇಲೆ ಕಲಿಯಲು ಬಂದವರನ್ನು ಕೆಲಸಕ್ಕೋ ಕಾಲೇಜಿಗೋ ಎಂದು ಎಳೆದಾಡುವ ಮೊದಲು, ಅವರು ನಡೆಯಬೇಕಾದ ದಾರಿ ಯಾವುದೆಂದು ಅವರನ್ನೇ ಕೇಳಬೇಕು.