ಅತ್ತೆಯ ಹೆಪ್ಪು

"ಫಾದರ್, ಸುವಾರ್ತೆ ನನ್ನ ಕೈಯಲ್ಲೇ ಇದೆ. ನನಗೆ ಓದಲು ಬರುತ್ತದೆ, ಪ್ರಾರ್ಥಿಸಲೂ ಬರುತ್ತದೆ. ನಡುವೆ ಈ ಎರಡು ಸಾವಿರ ವರ್ಷಗಳ ಹಳೆಯ ಮಾತೆಲ್ಲ ಏಕೆ ಬೇಕು?"

ಹೀಗೆ ಕೇಳಿದವನು ಪಾದ್ರಿಯಾಗಲು ಸೆಮಿನರಿಯಲ್ಲಿ ಓದುತ್ತಿದ್ದ ವಲೇರಿಯನ್. ಕೇಳುವ ಮೊದಲೇ ಗಂಟುಮೂಟೆ ಕಟ್ಟಿಟ್ಟು ಬಂದಿದ್ದ. ಸಂತರ ಬರಹ, ಧರ್ಮಸಭೆಯ ಬೋಧನೆ ಯಾವುದೂ ಬೇಡ, ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ಓದಿಸಿದ ಯೇಸುವಿನ ಸುವಾರ್ತೆಯೊಂದೇ ಸಾಕು ಎಂದು ತೀರ್ಮಾನಿಸಿದ್ದ. ಆದರೂ ವೃದ್ಧ ಗುರು ಫಾದರ್ ಬೊನಿಫಾಸರಿಗೆ ಹೇಳದೆ ಹೋಗಲು ಅವನಿಗೆ ಮನಸ್ಸು ಬರಲಿಲ್ಲ. ಅವರೆಂದರೆ ಅವನಿಗೆ ಪ್ರೀತಿ.

ಗುರುಗಳು ಬೈಯಲಿಲ್ಲ. "ಕುಳಿತುಕೋ. ಹೊರಟವನಿಗೆ ಒಂದು ಕತೆ ಕೇಳುವಷ್ಟು ಪುರುಸೊತ್ತಾದರೂ ಇದ್ದೀತು" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಸೊಸೆ ಇದ್ದಳು. ಅತ್ತೆ ತೀರಿಕೊಂಡ ಮೇಲೆ ಅಡುಗೆಮನೆ ಅವಳ ಕೈಗೆ ಬಂತು. ಮೂಲೆಯಲ್ಲಿ ಅತ್ತೆಯ ಹೆಪ್ಪಿನ ಕುಡಿಕೆ ಇತ್ತು. ಮುಚ್ಚಳ ತೆಗೆದರೆ ಹುಳಿ ವಾಸನೆ. ಸೊಸೆ ಮೂಗು ಮುರಿದಳು. ಅವಳ ತವರಿನಲ್ಲಿ ಮೊಸರು ಕೊಂಡು ತರುತ್ತಿದ್ದರು. ಹಾಲು ಒಳ್ಳೆಯದಿದ್ದರೆ ತಾನಾಗಿಯೇ ಮೊಸರಾಗುತ್ತದೆ ಎಂದು ಪಾಪ, ಅವಳು ನಂಬಿದ್ದಳು. ಹಟ್ಟಿಯಲ್ಲಿ ಕರೆಯುವ ಹಸು ಇರುವಾಗ ಈ ಹಳಸಲು ಯಾಕೆಂದು ಅದನ್ನು ತಿಪ್ಪೆಗೆ ಚೆಲ್ಲಿದಳು. ಕುಡಿಕೆಯನ್ನು ತಿಕ್ಕಿ ತೊಳೆದು, ಕಾಯಿಸಿದ ಹಾಲು ತುಂಬಿ ಮುಚ್ಚಿಟ್ಟಳು. ಬೆಳಿಗ್ಗೆ ನೋಡಿದರೆ ಹಾಲು ಒಡೆದು ನಾರುತ್ತಿತ್ತು. ಮಾರನೆಯ ದಿನವೂ ಅದೇ ಹಾಡು.

ಮನೆಯಲ್ಲಿ ಮಾವ ಹಾಸಿಗೆ ಹಿಡಿದಿದ್ದರು. ಮೊಸರು ಕಲಸಿದ ಮೆತ್ತನೆಯ ಅನ್ನ ಬಿಟ್ಟರೆ ಬೇರೇನೂ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತಟ್ಟೆ ಹಾಕಿಟ್ಟ ಹಾಗೆಯೇ ವಾಪಸು ಬರುತ್ತಿತ್ತು. ಸೊಸೆಗೆ ಹೆದರಿಕೆಯಾಯಿತು. ಬಿಗುಮಾನ ಬಿಟ್ಟು, ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದಳು.

"ಅಕ್ಕಾ, ಒಂದು ಚಮಚ ಹೆಪ್ಪು ಕೊಡಿ. ಅತ್ತೆಯದನ್ನು ನಾನೇ ಚೆಲ್ಲಿಬಿಟ್ಟೆ."

"ಅಳಬೇಡ ಮಾರಾಯ್ತಿ. ಹೋದ ಮಳೆಗಾಲದಲ್ಲಿ ನಮ್ಮದು ಕೆಟ್ಟಾಗ ನಿನ್ನ ಅತ್ತೆಯೇ ತಂದುಕೊಟ್ಟಿದ್ದರು. ಅವರಿಗೆ ಅವರ ತವರಿನವರು ಕೊಟ್ಟದ್ದಂತೆ. ತಗೋ, ನಿಮ್ಮ ಮನೆಯದೇ ಇದು."

ಮರುದಿನ ಕುಡಿಕೆಯಲ್ಲಿ ಗಟ್ಟಿ ಮೊಸರು ಕೂತಿತ್ತು. ಮಾವ ಒಂದು ತುತ್ತು ಬಾಯಿಗಿಟ್ಟು, ತೀರಿಕೊಂಡ ಹೆಂಡತಿಯ ಹೆಸರು ಹೇಳಿದರು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವಲೇರಿಯನ್ ಸುಲಭಕ್ಕೆ ಬಗ್ಗುವವನಲ್ಲ.

"ಆದರೂ ಫಾದರ್, ಮೊಸರಾದದ್ದು ಅವಳ ಹಾಲೇ ತಾನೆ? ಹಳೆಯದು ಬರೀ ಒಂದು ಚಮಚ."

ಗುರುಗಳು ಅವನ ಕೈಯಲ್ಲಿದ್ದ ಸುವಾರ್ತೆಯನ್ನು ಮೆಲ್ಲನೆ ತೆಗೆದು ಅವನ ಮುಂದಿಟ್ಟರು.

"ಮೊದಲ ಶಿಷ್ಯರಿಂದ ನಿನ್ನ ಅಜ್ಜಿಯವರೆಗೆ ಇದನ್ನು ಕೈಯಿಂದ ಕೈಗೆ ದಾಟಿಸಿದವರ ಆ ಒಂದು ಚಮಚವನ್ನು ಇದರೊಳಗಿಂದ ಬೇರೆ ಮಾಡಿ ಇಲ್ಲಿಟ್ಟು, ಆಮೇಲೆ ಹೊರಡು ಮಗೂ."