ಬಸಿಯ ಕೆಳಗಿನ ಚೀಟಿ

ರೇಷ್ಮೆಗೂಡಿನ ಮಾರುಕಟ್ಟೆ ಕಚೇರಿಗೆ ಹೊಸದಾಗಿ ಬಂದ ಅಧಿಕಾರಿ ವಿರೂಪಾಕ್ಷಯ್ಯನವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಪಾಸ್‌ವರ್ಡ್ ಜೋಪಾನ ಅಂತ ಮೇಲಿನಿಂದ ಸುತ್ತೋಲೆ ಬಂದಿದ್ದೇ ತಡ, ಟೀ ಕೊಡುವ ಅಟೆಂಡರ್ ಸಾಕಮ್ಮನ ಮೇಲೆ ಹರಿಹಾಯ್ದರು.

"ಎಲ್ಲರ ಮೇಜಿನ ಹತ್ತಿರವೂ ಸುಳಿಯೋಳು ನೀನೇ. ಪಾಸ್‌ವರ್ಡ್ ಬಿಟ್ಟುಕೊಡೋರು ಯಾರು ಅಂತ ಸಂಜೆಯೊಳಗೆ ಹೇಳು. ಇಲ್ಲದಿದ್ದರೆ ನಿನ್ನನ್ನೇ ಎತ್ತಂಗಡಿ ಮಾಡಿಸ್ತೀನಿ!"

ಹದಿನೆಂಟು ವರ್ಷದಿಂದ ಟೀ ಕೊಡುತ್ತಿದ್ದವಳು ಸಾಕಮ್ಮ. ಯಾರಿಗೆ ಸಕ್ಕರೆ ಎಷ್ಟು ಅಂತ ಬಲ್ಲವಳಿಗೆ ಯಾರ ಸ್ವಭಾವ ಎಂಥದು ಅಂತ ಗೊತ್ತಿರುವುದಿಲ್ಲವೇ? ಸಂಜೆ ಟೀ ತಂದಳು. ಬಸಿಯ ಕೆಳಗೆ ಮಡಿಸಿದ ಚೀಟಿ ಇಟ್ಟಳು.

"ಇದರಲ್ಲಿ ಮೂರು ಹೆಸರಿದೆ ಸಾರ್. ಗುಮಾಸ್ತ ಚೌಡಪ್ಪನವರಿಗೆ ಹೆದರಿಕೆ ಜಾಸ್ತಿ. ಸಾಹೇಬರು ಕೇಳ್ತಿದ್ದಾರೆ ಅಂದೆ, ಪಾಸ್‌ವರ್ಡ್ ಬರೆದೇ ಕೊಟ್ಟರು. ಟೈಪಿಸ್ಟ್ ಶಾರದಾಬಾಯಿಗೆ ಕರುಳು ಮೆತ್ತಗೆ. ಮೊಮ್ಮಗಳ ಅರ್ಜಿ ತುಂಬಬೇಕು ಅಂದೆ, ಹೇಳಿಬಿಟ್ಟರು."

"ದಡ್ಡರು! ನನ್ನ ಹತ್ತಿರ ನಡೆಯುತ್ತಾ ಇದೆಲ್ಲ?"

"ನಿಮ್ಮದೂ ಹುಟ್ಟಿದ ತಾರೀಕೇ ಇರಬೇಕು ಬಿಡಿ ಸಾರ್."

"ತಾರೀಕಾ!" ಸಾಹೇಬರು ಎದ್ದೇ ನಿಂತರು. "ಇಪ್ಪತ್ತು ಅಕ್ಷರ ಕಣಮ್ಮ! ಮೊದಲು ನಮ್ಮಪ್ಪನ ಹೆಸರು, ಆಮೇಲೆ ನಾನು ಚಿನ್ನದ ಪದಕ ಗೆದ್ದ ವರ್ಷ, ಕೊನೆಗೆ ನಮ್ಮ ನಾಯಿ ಟೈಗರ್!"

ಬಾಗಿಲು ತೆರೆದೇ ಇತ್ತು. ಹೊರಗೆ ಕೀಬೋರ್ಡುಗಳ ಸದ್ದು ನಿಂತಿತು.

ಸಾಹೇಬರು ಮೆಲ್ಲಗೆ ಚೀಟಿ ಬಿಡಿಸಿದರು. ಮೂರನೆಯ ಹೆಸರು ಅವರದೇ. ಪಕ್ಕದಲ್ಲಿ 'ಜಂಬ' ಅಂತ ಬರೆದಿದ್ದಳು.

ಅವರ ಮುಖ ಕೆಂಪಾಯಿತು, ಆಮೇಲೆ ನಗು ಬಂತು. "ಸೋತೆ ಸಾಕಮ್ಮ, ಎತ್ತಂಗಡಿ ಇಲ್ಲ. ಈಗಲೇ ಪಾಸ್‌ವರ್ಡ್ ಬದಲಾಯಿಸ್ತೀನಿ. ಈ ಸಲ ಮೂವತ್ತು ಅಕ್ಷರ! ಮೊದಲು ನಮ್ಮತ್ತೆ ಹೆಸರು..."

ಸಾಕಮ್ಮ ಟ್ರೇ ಅಲ್ಲೇ ಬಿಟ್ಟು ಓಡಿದಳು, ಬಾಗಿಲು ಮುಚ್ಚೋಕೆ.