ನಂಬಿದ ತಂಗಿಗೆ ಮಾಸ್ತರರು ಮಾಡಿದ ಪಾಠ

ವರದಾ ನದಿಯ ದಂಡೆಯ ಬಿಳಿಹೊಳೆ ಗ್ರಾಮದ ಪುಟ್ಟ ಮಠದಲ್ಲಿ ಪೂಜ್ಯ ಮುಕ್ತಾಂಬಿಕಾ ತಾಯಿಯವರು ನೆಲೆಸಿದ್ದ ಕಾಲದ ಮಾತಿದು. ಮಠವೆಂದರೆ ದೊಡ್ಡದೇನಲ್ಲ, ಹಿಂದಿನ ಗುರುಗಳ ಗದ್ದುಗೆ, ಅದಕ್ಕೆ ಹೊಂದಿಕೊಂಡ ಎರಡಂಕಣದ ಮನೆ, ಮುಂದೊಂದು ಮಣ್ಣಿನ ಜಗುಲಿ. ಮಧ್ಯಾಹ್ನದ ದಾಸೋಹ ಮುಗಿದ ಮೇಲೆ ತಾಯಿಯವರು ಆ ಜಗುಲಿಯ ಮೇಲೆ ಕುಳಿತು ಕೌದಿ ಹೊಲಿಯುತ್ತಿದ್ದರು. ಭಕ್ತರು ತಂದೊಪ್ಪಿಸಿದ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಆ ಕೌದಿಗಳು ಬಡ ಬಾಣಂತಿಯರ ಮನೆ ಸೇರುತ್ತಿದ್ದವು.

ದರ್ಶನಕ್ಕೆ ಬಂದವರು ಸುಮ್ಮನೆ ಕೈಮುಗಿದು ಕುಳಿತರೆ ಸಾಲುತ್ತಿರಲಿಲ್ಲ. ತಾಯಿಯವರು ಅವರ ಕೈಗೊಂದು ಸೂಜಿ ಕೊಟ್ಟು, ಕೌದಿಯ ಒಂದು ಅಂಚನ್ನು ಅವರ ಮಡಿಲಿಗೆ ಎಳೆದುಬಿಡುತ್ತಿದ್ದರು. ಗಂಡಸರಿಗೂ ರಿಯಾಯಿತಿ ಇರಲಿಲ್ಲ. ಗಿರಿಜಾ ಮೀಸೆಯ ಗೌಡರೊಬ್ಬರು ಬೆರಳು ಚುಚ್ಚಿಕೊಂಡು ‘ಯವ್ವಾ’ ಎಂದದ್ದಕ್ಕೆ ಹೆಣ್ಣುಮಕ್ಕಳು ಸೆರಗು ಬಾಯಿಗೊತ್ತಿಕೊಂಡು ನಕ್ಕದ್ದೂ ಉಂಟು. ಕಣ್ಣು ಹೊಲಿಗೆಯ ಮೇಲಿದ್ದರೆ, ಎದುರಿನವರ ಮುಖ ನೋಡಿ ಹೇಳಲಾಗದ ಮಾತೂ ಹೊರಗೆ ಬರುತ್ತದೆಂಬುದು ಅಲ್ಲಿಗೆ ಹೋಗಿಬಂದವರ ಅನುಭವ.

ಸಂಗಮನಾಥ ಮಾಸ್ತರರು ಅಲ್ಲಿಗೆ ಹೋಗುವ ಪೈಕಿಯವರಲ್ಲ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಅಂಗೈಯಿಂದ ಬೂದಿ ಉದುರಿಸುವುದು ಹೇಗೆಂದು ಸಂತೆಯಲ್ಲಿ ನಿಂತು ಮಾಡಿ ತೋರಿಸಿ, ಬೂದಿಬಾಬಾನೊಬ್ಬನನ್ನು ಊರು ಬಿಡಿಸಿದ್ದರು. ಇಂಥವರ ಮನೆಯಲ್ಲೇ ಇದ್ದ ವಿಧವೆ ತಂಗಿ ಗುರುಸಿದ್ಧವ್ವ ಮಾತ್ರ ತಾಯಿಯವರ ಪರಮಭಕ್ತೆ. ಅಣ್ಣ ಎಷ್ಟು ಹಂಗಿಸಿದರೂ ನಕ್ಕು, ಅಮಾವಾಸ್ಯೆಗೊಮ್ಮೆ ಮಠಕ್ಕೆ ಹೋಗಿ ಬರುತ್ತಿದ್ದಳು.

ಆ ವರ್ಷ ಗುರುಸಿದ್ಧವ್ವನಿಗೆ ಹೊಟ್ಟೆ ಕಟ್ಟಿ, ಉಬ್ಬರಿಸಿ, ತಡೆಯಲಾರದ ನೋವು ಬಂದಿತು. ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ದೊಡ್ಡ ಕರುಳಿನೊಳಗಿನ ಗಂಟನ್ನು ತೆಗೆದರು. ಕೆಲವು ದಿನಗಳ ನಂತರ ಡಾಕ್ಟರು ಮಾಸ್ತರರನ್ನು ಒಬ್ಬರನ್ನೇ ಕರೆದು, ಅದು ಕ್ಯಾನ್ಸರ್ ಎಂದೂ ಸ್ಕ್ಯಾನಿಂಗಿನಲ್ಲಿ ಲಿವರಿನ ಮೇಲೂ ಅದು ಕಾಣಿಸಿದೆಯೆಂದೂ ಇನ್ನು ಸಲೈನಿನ ಹಾಗೆ ಔಷಧ ಏರಿಸಬೇಕೆಂದೂ ಹೇಳಿದರು. ಮಾಸ್ತರರು ಕೈಜೋಡಿಸಿ ಬೇಡಿಕೊಂಡದ್ದು ಒಂದೇ: “ಆಕಿಗೆ ಮಾತ್ರ ಹೇಳಬ್ಯಾಡ್ರಿ. ಎದಿ ಒಡದು ಸಾಯತಾಳ.” ತಂಗಿಗೆ, ಗಂಟು ಹೋಯಿತು, ಇನ್ನು ಶಕ್ತಿಗಾಗಿ ಸಲೈನು ಎಂದರು. ಅವಳು ತಲೆಯಾಡಿಸಿದಳು. ಆದರೆ ಅಂದಿನಿಂದ ಅವಳ ನಗುವೇ ನಿಂತುಹೋಯಿತು. ಔಷಧಕ್ಕೆ ಹೊರಡುವ ದಿನ ಬಂದಾಗ ಗೋಡೆಗೆ ಮುಖ ಮಾಡಿ ಕುಳಿತು, “ಅವ್ವಾರು ಹೋಗು ಅಂದ್ರ ಹೋಗ್ತೀನಿ. ಇಲ್ಲಾಂದ್ರ ನಾ ಒಲ್ಲೆ,” ಎಂದುಬಿಟ್ಟಳು.

ತಡ ಮಾಡಿದಷ್ಟೂ ರೋಗ ಬೆಳೆಯುತ್ತದೆಂದು ಡಾಕ್ಟರು ಎಚ್ಚರಿಸಿದ್ದರು. ಮಾಸ್ತರರಿಗೆ ಬೇರೆ ದಾರಿ ಉಳಿಯಲಿಲ್ಲ.

ಹೀಗೆ ಅವರು ತಂಗಿಯನ್ನು ಕರೆದುಕೊಂಡು ಬಿಳಿಹೊಳೆಗೆ ಬಂದರು. ಗುರುಸಿದ್ಧವ್ವ ಗದ್ದುಗೆಗೆ ಹೂವೇರಿಸಲು ಒಳಗೆ ಹೋದೊಡನೆ ಅವಸರದಿಂದ ಜಗುಲಿಗೆ ಬಂದು, ನಮಸ್ಕಾರವನ್ನೂ ಮಾಡದೆ ನಿಂತರು. ತಾಯಿಯವರು ಸೂಜಿ ಮುಂದೆ ಚಾಚಿದರು. ಮಾಸ್ತರರು ಮುಜುಗರದಿಂದಲೇ ಅದನ್ನು ತೆಗೆದುಕೊಂಡು ಕುಳಿತು, ದನಿ ತಗ್ಗಿಸಿ ಎಲ್ಲವನ್ನೂ ಹೇಳಿದರು. ಕೊನೆಗೆ, “ನಿಮ್ಮ ಬಾಯಿಂದ ಒಂದು ಮಾತು ಬರಬೇಕ್ರಿ. ನಿನಗೇನೂ ಆಗಿಲ್ಲ, ಶಕ್ತಿ ಔಷಧ ಐತಿ, ಹೋಗಿ ಹಾಕಿಸ್ಕೊಂಡು ಬಾ ಅಂತ ಹೇಳ್ರಿ ಸಾಕು,” ಎಂದರು.

“ನಾ ಹೇಳಿದ್ದನ್ನ ನೀವು ನಂಬ್ತೀರೇನ್ರಿ ಮಾಸ್ತರ್ರ?”

“ಖರೆ ಹೇಳಬೇಕಂದ್ರ, ನಾ ನಂಬೂದಿಲ್ರಿ. ಆಕಿ ನಂಬತಾಳ.”

ತಾಯಿಯವರು ಹೊಲಿಗೆಯಿಂದ ಕಣ್ಣೆತ್ತಿ ಅವರನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. “ನಂಬದವ್ರಿಗೆ ಸುಳ್ಳು ಹೇಳಿದ್ರ ಅವ್ರು ಪರೀಕ್ಷಾ ಮಾಡ್ಕೊಂಡು ಉಳಕೋತಾರ್ರಿ. ನಂಬಿದವ್ರಿಗೆ ಹೇಳಬಾರದು.”

ಬೂದಿಬಾಬಾನಂಥವರ ವಿರುದ್ಧ ಊರೂರು ತಿರುಗಿ ಮಾಸ್ತರರು ಜನರಿಗೆ ಹೇಳಿಕೊಂಡು ಬಂದದ್ದೂ ಇದನ್ನೇ ಅಲ್ಲವೆ? ಅಷ್ಟರಲ್ಲಿ ಗುರುಸಿದ್ಧವ್ವ ಬಂದು ತಾಯಿಯವರ ಪಾದಕ್ಕೆರಗಿ ಪಕ್ಕದಲ್ಲಿ ಕುಳಿತಳು. ಕೌದಿಯ ಒಂದಂಚು ಅವಳ ಮಡಿಲಿಗೂ ಬಂತು.

“ಮಾಸ್ತರ್ರ,” ಎಂದರು ತಾಯಿಯವರು, “ನಿಮ್ಮ ತಂಗಿ ಹೊಟ್ಟಿಯೊಳಗ ಏನು ನಡದೈತಿ ಅಂತ ತಿಳಿಸಿ ಹೇಳ್ರಿ. ನನಗೂ ತಿಳೀದು. ನಾನೂ ಕೇಳ್ತೀನಿ.”

ಮಾಸ್ತರರು ಓಡಿಹೋಗಬೇಕೆಂದುಕೊಂಡರು. ಆದರೆ ಮಡಿಲ ಮೇಲೆ ಕೌದಿ, ಕೈಯಲ್ಲಿ ಸೂಜಿ, ಎದುರಿಗೆ ತಂಗಿ. ತಲೆ ಬಗ್ಗಿಸಿ, ಎಲ್ಲೆಲ್ಲೋ ಸೂಜಿ ಹಾಕುತ್ತಾ, “ಗುರುಸಿದ್ಧೀ, ಕರುಳಿನ್ಯಾಗಿಂದ ತಗದಾರಲ್ಲ ಆ ಗಂಟು, ಅದು ಕ್ಯಾನ್ಸರ್ ಇತ್ತವ್ವಾ,” ಎಂದರು.

ಅವಳು ಅಳಲಿಲ್ಲ. “ಲಿವರಿನ್ಯಾಗ ಇರೂದು?” ಎಂದು ಕೇಳಿದಳು.

“ನಿನಗ ಲಿವರಂತ ಯಾರು ಹೇಳಿದ್ರು?”

“ನರ್ಸಬಾಯಿ ಮಾತಾಡೂದು ಕಿವಿಗೆ ಬಿತ್ತು. ಅದನ್ನ ಹೇಳಣ್ಣಾ.”

ಮಾಸ್ತರರು ಹೇಳತೊಡಗಿದರು. ಮೊದಮೊದಲು ತಡವರಿಸಿದರು, ಬರಬರುತ್ತ ತರಗತಿಯ ದನಿ ತಾನಾಗಿ ಬಂತು. ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಉಂಡ ಅನ್ನದ ಸಾರವನ್ನೆಲ್ಲ ಹೊತ್ತುಕೊಂಡು ಮೊದಲು ಯಕೃತ್ತಿಗೆ, ಅಂದರೆ ಲಿವರಿಗೆ ಹೋಗುತ್ತದೆ. ಕರುಳಿನ ಗಂಟಿನಿಂದ ಬಿಡಿಸಿಕೊಂಡ ಕಣಗಳು ಆ ರಕ್ತದ ಕೂಡ ಹೋಗಿ ಅಲ್ಲಿ ನಿಂತು ಬೆಳೆದಿವೆ.

“ಮ್ಯಾಲಿನ ಹೊಲದ ಕಸದ ಬೀಜ ನೀರಿನ ಕೂಡ ಬಂದು ಕೆಳಗಿನ ಹೊಲದಾಗ ಹುಟ್ಟಿದಂಗ?” ಎಂದಳು ತಂಗಿ.

“ಹೌದು, ಹಂಗ!” ಜಾಣ ವಿದ್ಯಾರ್ಥಿ ಸಿಕ್ಕಾಗಿನ ಹಳೆಯ ಹುರುಪು ಮಾಸ್ತರರ ಮುಖದಲ್ಲಿ ಒಂದು ಕ್ಷಣ ಮಿಂಚಿತು. “ಕೆಳಗ ಹುಟ್ಟಿದ್ರೂ ಅದು ಮ್ಯಾಲಿನ ಹೊಲದ್ದ ಕಸ. ಇದೂ ಲಿವರಿನ ರೋಗ ಅಲ್ಲ. ಲಿವರಿನ್ಯಾಗ ಕುಂತ ಕರುಳಿನ ರೋಗ. ಅದಕ್ಕ ಡಾಕ್ಟರು ಕೊಡೂದೂ ಕರುಳಿನ ಕ್ಯಾನ್ಸರಿಗೆ ಕೊಡೂ ಔಷಧಾನ. ಅದು ರಕ್ತದಾಗ ಸೇರಿ, ಆ ಕಣ ಎಲ್ಲೆಲ್ಲಿ ಅದಾವೋ ಅಲ್ಲೆಲ್ಲಾ ಹೋಗಿ ಮುಟ್ಟತೈತಿ.”

ಗುರುಸಿದ್ಧವ್ವನ ಕೈ ನಿಂತಿತು. “ಹಂಗಾದ್ರ ಇದು ನಮ್ಮನಿಯವ್ರ ರೋಗ ಅಲ್ಲ?”

ಮಾಸ್ತರರಿಗೆ ಅರ್ಥವಾಗಲಿಲ್ಲ. ಅವಳ ಗಂಡ ಕುಡಿದು ಕುಡಿದು ಲಿವರು ಹಾಳಾಗಿ ತೀರಿಕೊಂಡಿದ್ದ. ಆ ಮಾತು ಇಲ್ಲೇಕೆ?

“ಅವ್ರು ಉಂಡೆದ್ದ ತಾಟಿನ್ಯಾಗ ಉಂಡಾಕಿ ನಾನು,” ಎಂದಳು ಗುರುಸಿದ್ಧವ್ವ, ಇನ್ನೂ ಕೌದಿಯನ್ನೇ ನೋಡುತ್ತ. “ಅವ್ರ ಎಂಜಲಾ ಉಂಡು ಅದ ರೋಗ ನನಗ ಹತ್ತೈತಿ ಅನ್ಕೊಂಡೆ. ಕುಡೀದನ ಕುಡುಕರ ರೋಗ ತಗೊಂಡು ಹೋಗಬೇಕಾತಲ್ಲ ಅಂತ ನಾಚಿಕಿ ಬಂತು. ಅದಕ್ಕ ನೀನೂ ಮುಚ್ಚಿಡಾಕತ್ತಿ ಅನ್ಕೊಂಡೆ. ದಾನಿ ಹಾಸಿಗ್ಯಾಗ ಬಂದ್ರ ಬೈದು ಕಳಸ್ತೀನಿ, ಅದಕ್ಕೂ ಹತ್ತೀತಂತ.”

ದಾನಿ ಎಂದರೆ ಮಾಸ್ತರರ ಮೊಮ್ಮಗಳು ದಾನೇಶ್ವರಿ. ಹುಟ್ಟಿದಾಗಿನಿಂದ ಈ ಅಜ್ಜಿಯ ಮಗ್ಗುಲಲ್ಲೇ ಮಲಗಿದ ಕೂಸು. ಅದನ್ನು ದೂರವಿಟ್ಟದ್ದು ನಿಶ್ಶಕ್ತಿಯಿಂದ ಎಂದೇ ಮಾಸ್ತರರು ತಿಳಿದಿದ್ದರು. ತಾವು ಮುಚ್ಚಿಟ್ಟ ಸತ್ಯಕ್ಕಿಂತ ದೊಡ್ಡ ಭಯವನ್ನು ತಂಗಿ ತಾನೇ ಹುಟ್ಟಿಸಿಕೊಂಡು ಒಬ್ಬಳೇ ಅನುಭವಿಸುತ್ತಿದ್ದಳೆಂದು ಅವರಿಗೆ ಈಗ ತಿಳಿಯಿತು.

“ಇದು ಅಂಟು ರೋಗ ಅಲ್ಲವ್ವಾ. ತಾಟಿನಿಂದ ಬರೂದಿಲ್ಲ, ಹಾಸಿಗಿಯಿಂದ ಹತ್ತೂದಿಲ್ಲ. ನೀ ಯಾವ ತಪ್ಪೂ ಮಾಡಿಲ್ಲ. ನಿನ್ನ ಗಂಡಂದೂ ಅಲ್ಲ ಇದು.”

ಗುರುಸಿದ್ಧವ್ವ ದೀರ್ಘವಾಗಿ ಉಸಿರು ಬಿಟ್ಟಳು. ಎಷ್ಟೋ ದಿನಗಳ ಮೇಲೆ ಅವಳ ಮುಖದ ಬಿಗುವು ಸಡಿಲಾಯಿತು. ಆಮೇಲೆ, ಕೇಳಲೇಬೇಕಾದ್ದನ್ನು ಕೇಳಿದಳು: “ಗುಣಾ ಆಗತೈತೇನಣ್ಣಾ?”

ಮಾಸ್ತರರು ಆಸೆಯಿಂದ ತಾಯಿಯವರತ್ತ ನೋಡಿದರು. ಈಗಲಾದರೂ ಒಂದು ಆಶೀರ್ವಾದ ಬರಬಾರದೆ? ತಾಯಿಯವರು ಹೊಲಿಗೆ ಮುಂದುವರಿಸಿದರು. ಉತ್ತರ ಕೊಡಬೇಕಾದವರು ತಾವೇ ಎಂದು ಮಾಸ್ತರರಿಗೆ ತಿಳಿಯಿತು.

“ನನಗ ಗೊತ್ತಿಲ್ಲ. ಡಾಕ್ಟರೂ ಖಾತ್ರಿ ಹೇಳಿಲ್ಲ. ಔಷಧಕ್ಕ ಆ ಗಂಟುಗಳು ಸಣ್ಣವಾದ್ರ ಲಿವರಿನ ಅಷ್ಟು ಭಾಗ ಕೊಯ್ದು ತಗೀಬಹುದು ಅಂದಾರ. ಲಿವರು ಮತ್ತ ಬೆಳೀತೈತಿ. ಸಣ್ಣವಾಗದಿದ್ರ, ಔಷಧದಾಗ ತಡೆದು ಹಿಡೀಬೇಕು. ಸುಸ್ತಾಗತೈತಿ, ವಾಂತಿ ಆಗಬಹುದು. ಇಷ್ಟ ನನಗ ಗೊತ್ತಿರೂದು.”

ಗುರುಸಿದ್ಧವ್ವ ತಾಯಿಯವರ ಕಡೆ ತಿರುಗಿ ಕೈಮುಗಿದಳು. “ಅವ್ವಾ, ಹೋಗ್ಲೋ ಬ್ಯಾಡೋ? ಅಪ್ಪಣಿ ಕೊಡ್ರಿ.”

ತಾಯಿಯವರು ಅವಳ ಮುಗಿದ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. “ಶಿವ ಈ ಒಡಲು ನಿನಗ ಕೊಟ್ಟಾನ ತಂಗೀ. ಅದರಾಗ ಏನೈತಿ ಅಂತ ಈಗ ನಿನಗ ತಿಳೀತು. ಅಪ್ಪಣಿ ನಿಂದ.”

ಗುರುಸಿದ್ಧವ್ವ ಹೊಳೆಯತ್ತ ನೋಡಿದಳು. ಆಮೇಲೆ, ಮನೆವಾರ್ತೆಯ ಮಾತಿನಷ್ಟು ಸಲೀಸಾಗಿ, “ಹೋಗೂಣು. ಡಾಕ್ಟರ್ನ ನಾನ ಕೇಳೂದೈತಿ, ಅವರ ಮುಂದ ನೀ ನಡುವ ಬಾಯಿ ಹಾಕಬ್ಯಾಡ,” ಎಂದಳು. ತಾಯಿಯವರು ಗಟ್ಟಿಯಾಗಿ ನಕ್ಕರು. ಗುರುಸಿದ್ಧವ್ವನಿಗೂ ನಗು ಬಂತು.

ನಗುತ್ತಲೇ ಅವಳು ಅಣ್ಣನ ಮುಖ ನೋಡಿದಳು. ಗಲ್ಲ ಒಳಸೇರಿತ್ತು, ಅಂಗಿ ಹೆಗಲಿಂದ ಜೋತುಬಿದ್ದಿತ್ತು. ರೋಗಿ ಯಾರೆಂದು ಗುರುತು ಹತ್ತದಷ್ಟು ಸೊರಗಿದ್ದರು ಮಾಸ್ತರರು. “ಅಣ್ಣಾ,” ಎಂದಳು ಮೆಲ್ಲಗೆ, “ಇದನ್ನೆಲ್ಲಾ ಹೊಟ್ಟ್ಯಾಗ ಇಟ್ಕೊಂಡು ಇಷ್ಟ್ ದಿನಾ ಅನ್ನಾರ ಹೆಂಗ ಉಂಡ್ಯೋ?”

ಬೂದಿಬಾಬಾನನ್ನು ಓಡಿಸಿದ ಮಾಸ್ತರರು ಸಣ್ಣ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ತಂಗಿ ಸೆರಗಿನಿಂದ ಅವರ ಕಣ್ಣೊರೆಸಿದಳು. ಅಳು ನಿಂತ ಮೇಲೆ ಮಾಸ್ತರರು ತಾವಾಗಿಯೇ ಬಾಗಿ ತಾಯಿಯವರ ಪಾದ ಮುಟ್ಟಿದರು. ತಾಯಿಯವರು ಅವರ ತಲೆಯ ಮೇಲೆ ಕೈಯಿಟ್ಟು, “ಪಾಠ ಭಾಳ ಛಲೋ ಆತ್ರಿ ಮಾಸ್ತರ್ರ,” ಎಂದರು.

ಔಷಧದಿಂದ ಗುರುಸಿದ್ಧವ್ವನ ಕೂದಲು ತೆಳುವಾಯಿತು, ನಾಲಿಗೆ ರುಚಿಗೆಟ್ಟಿತು; ಆದರೆ ಲಿವರಿನೊಳಗಿನ ಗಂಟುಗಳು ಸಣ್ಣವಾಗಿ, ಡಾಕ್ಟರು ಕೊಯ್ದು ತೆಗೆದರು. ಮತ್ತೆ ಬರಲಾರದೆಂದು ಯಾರೂ ಮಾತು ಕೊಡಲಿಲ್ಲ, ಅವಳೂ ಕೇಳಲಿಲ್ಲ. ಅವಳು ಬಾಳಿದಷ್ಟು ಕಾಲ ಆ ಮನೆಯಲ್ಲಿ ನಗು ಇತ್ತು. ಅಮಾವಾಸ್ಯೆಗೆ ಅಣ್ಣತಂಗಿ ಇಬ್ಬರೂ ಕೂಡಿಯೇ ಬಿಳಿಹೊಳೆಗೆ ಹೋಗುತ್ತಿದ್ದರು. ಇದನ್ನು ಕಂಡ ಹಳೆಯ ಗೆಳೆಯರು, “ಏನು ಮಾಸ್ತರ್ರ, ಆ ತಾಯಿ ನಿಮಗ ಅಂಥಾದ್ದೇನು ಕೊಟ್ಟಳು?” ಎಂದು ಕೆಣಕುತ್ತಿದ್ದರು.

“ಮನ್ಯಾಗ ಇದ್ದ ತಂಗಿ ಮಾರಿ ನೋಡಲಾರದಂಗ ಆಗಿದ್ದೆ,” ಎನ್ನುತ್ತಿದ್ದರು ಮಾಸ್ತರರು. “ಆ ಮಹಾತಾಯಿ ನನ್ನ ತಂಗೀನ ನನಗ ತಿರುಗಿ ಕೊಟ್ರು.”